ನಡುವೆ ಐದು ವರ್ಷ: ಟರ್ಕಿ ಪ್ರೇಮಕಥೆಯ ಎರಡನೇ ಸೀಸನ್ ಎಂದರೆ ಏನು, ಎಲ್ಲಿಂದ, ಯಾಕೆ

ಟರ್ಕಿಯ 'ಸೆನ್ ಚಾಲ್ ಕಪಿಮಿ' ಧಾರಾವಾಹಿಯ ಎರಡನೇ ಸೀಸನ್ ಹುಡುಕಿಕೊಂಡು ಹೊರಟವರು ಮೊದಲು ಎಡವುವುದು ಸಂಖ್ಯೆಯಲ್ಲಿ. ಒಂದು ಕಡೆ ಒಟ್ಟು 52 ಸಂಚಿಕೆ ಅಂತಿರುತ್ತದೆ. ಇನ್ನೊಂದು ಕಡೆ ಅದೇ ಧಾರಾವಾಹಿ ನೂರೈವತ್ತರ ಮೇಲೆ ಹೋಗಿರುತ್ತದೆ. ಮೂರನೆಯವರು ಅದನ್ನೇ ಎರಡು, ಮೂರು, ನಾಲ್ಕು ಸೀಸನ್ ಎಂದು ಹಂಚಿಟ್ಟಿರುತ್ತಾರೆ. ಹೆಸರು ಕೂಡ ಒಂದೇ ಇರುವುದಿಲ್ಲ. ಹೊರದೇಶಗಳಿಗೆ ಇದು ಮಾರಾಟವಾದದ್ದು 'ಲವ್ ಈಸ್ ಇನ್ ದಿ ಏರ್' ಎಂಬ ಇಂಗ್ಲಿಷ್ ಹೆಸರಿನಲ್ಲಿ. ನೋಡುವವರು ಎರಡನೇ ಸೀಸನ್ ಅಂದುಕೊಂಡು ಮೊದಲನೆಯದರ ನಡುಮಧ್ಯಕ್ಕೆ ಹೋಗಿ ಬೀಳುತ್ತಾರೆ. ನಾಯಕನಿಗೆ ನಾಯಕಿಯ ಗುರುತೇ ಇಲ್ಲದ್ದನ್ನು ಕಂಡು, 'ಇದೇನು, ಹೊಸ ಕಥೆಯಾ?' ಎಂದು ತಲೆ ಕೆರೆದುಕೊಳ್ಳುತ್ತಾರೆ.

ಇದನ್ನು ಬಿಡಿಸಬೇಕಾದರೆ ಟರ್ಕಿಯ ಟಿವಿಯವರು ಕಥೆಯನ್ನು ಅಳೆಯುವುದು ಹೇಗೆ ಎಂದು ತಿಳಿಯಬೇಕು. ಮುಂದೆ ಕಥೆಯ ಗುಟ್ಟುಗಳೂ ಬರುತ್ತವೆ. ಗುಟ್ಟು ಒಡೆಯದೆ ಎರಡನೇ ಸೀಸನ್ ವಿವರಿಸುವುದು ಆಗದ ಮಾತು.

ನಮ್ಮ ಕನ್ನಡ ಧಾರಾವಾಹಿ ದಿನಕ್ಕೆ ಸುಮಾರು 22 ನಿಮಿಷ, ವಾರಕ್ಕೆ ಐದೋ ಆರೋ ದಿನ. ಆರು ದಿನ ಎಂದು ಹಿಡಿದರೆ ವಾರಕ್ಕೆ 132 ನಿಮಿಷ. ಟರ್ಕಿಯ ಧಾರಾವಾಹಿ (ಅವರ ಬಾಯಲ್ಲಿ 'ದಿಜಿ') ವಾರಕ್ಕೆ ಒಂದೇ ಸಲ ಬರುತ್ತದೆ, ಆದರೆ ಒಂದು ಸಂಚಿಕೆ 120ರಿಂದ 150 ನಿಮಿಷ. ಅಂದರೆ ಅವರ ಒಂದು ಸಂಚಿಕೆ ನಮ್ಮ ಒಂದು ವಾರಕ್ಕೆ ಸಮ. ಹೆಚ್ಚುಕಡಿಮೆ ಪ್ರತಿ ವಾರವೂ ಒಂದು ಮಹಾಸಂಚಿಕೆ. ಈ ಒಂದು ಅಳತೆ ಕೈಯಲ್ಲಿದ್ದರೆ ಉಳಿದದ್ದೆಲ್ಲ ಸಲೀಸು. ಸಂಚಿಕೆಗೆ ಸರಾಸರಿ 130 ನಿಮಿಷ ಎಂದರೆ 52 ಸಂಚಿಕೆಗೆ 6,760 ನಿಮಿಷ, ಸುಮಾರು 113 ಗಂಟೆ. ನಮ್ಮ 22 ನಿಮಿಷದ ಲೆಕ್ಕದಲ್ಲಿ ಮುನ್ನೂರು ದಾಟಿದ ಧಾರಾವಾಹಿ. 'ಬರೀ 52 ಎಪಿಸೋಡ್, ಒಂದು ವಾರದಲ್ಲಿ ಮುಗಿಸಿಬಿಡೋಣ' ಎಂದು ಕೂತವರು ಸೋಲುವುದು ಇಲ್ಲೇ.

ಹೊರದೇಶಕ್ಕೆ ಮಾರುವಾಗ ಈ ಎರಡು ಗಂಟೆಯ ಸಂಚಿಕೆಯನ್ನು ಅವರು ಸುಮಾರು 40–45 ನಿಮಿಷದ ತುಂಡುಗಳಾಗಿ ಕತ್ತರಿಸುತ್ತಾರೆ. ಒಂದಕ್ಕೆ ಎರಡು ಅಥವಾ ಮೂರು ತುಂಡು. ನೂರೈವತ್ತರ ಲೆಕ್ಕ ಹುಟ್ಟುವುದು ಇಲ್ಲಿಂದ: 52ನ್ನು 3ರಿಂದ ಗುಣಿಸಿದರೆ 156. ಹಿಂದಿ ಡಬ್ಬಿಂಗ್‌ನಲ್ಲಿ ನಮ್ಮವರು ನೋಡುವುದು ಹೆಚ್ಚಾಗಿ ಈ ಕತ್ತರಿಸಿದ ರೂಪವನ್ನೇ.

ಹಾಗಾದರೆ ಎರಡನೇ ಸೀಸನ್ ಎಲ್ಲಿ ಶುರು? ಮೂಲದಲ್ಲಿ ಮೊದಲ ಸೀಸನ್ 39 ಸಂಚಿಕೆ, ಎರಡನೆಯದು 40ರಿಂದ 52ರವರೆಗೆ, ಅಂದರೆ 13 ಸಂಚಿಕೆ. ತುಂಡು ಲೆಕ್ಕದಲ್ಲಿ ಹುಡುಕುವುದಾದರೆ 39ನ್ನು ಒಂದು ಸಂಚಿಕೆಗೆ ಎಷ್ಟು ತುಂಡೋ ಅದರಿಂದ ಗುಣಿಸಿ, ಒಂದು ಸೇರಿಸಿ. ಮೂರು ತುಂಡಾದರೆ 118, ಎರಡಾದರೆ 79. ಕರಾರುವಾಕ್ಕಾಗಿ ಅಲ್ಲಿಗೇ ಬಂದು ನಿಲ್ಲುತ್ತದೆ ಎನ್ನಲಾಗದು. ಕತ್ತರಿ ಹಾಕುವವರು ನಿಮಿಷ ನೋಡುತ್ತಾರೆಯೇ ಹೊರತು ಮೂಲ ಸಂಚಿಕೆಯ ಗಡಿಯನ್ನಲ್ಲ. ಹಾಗಾಗಿ ನಾಲ್ಕೈದು ತುಂಡು ಹಿಂದೆ ಮುಂದೆ ತಡಕಬೇಕಾಗುತ್ತದೆ. ಸಿಕ್ಕಿತೋ ಇಲ್ಲವೋ ಎಂದು ತಿಳಿಯಲು ಒಂದು ಗುರುತು ಸಾಕು: ಕಿರಾಜ್ ಎಂಬ ಪುಟ್ಟ ಹುಡುಗಿ. ಟರ್ಕಿಷ್‌ನಲ್ಲಿ ಕಿರಾಜ್ ಅಂದರೆ ಚೆರಿ ಹಣ್ಣು. ಅವಳು ತೆರೆಯ ಮೇಲೆ ಬಂದಳೆಂದರೆ ನೀವು ಎರಡನೇ ಸೀಸನ್‌ನಲ್ಲಿದ್ದೀರಿ.

ಮೂಲ ಟರ್ಕಿಷ್ ವಿಡಿಯೊಗಳಲ್ಲಿ ಹುಡುಕುವವರು ನಾಲ್ಕು ಪದ ಕಲಿತರೆ ಸಾಕು. 'ಬೊಲ್ಯುಮ್' ಎಂದರೆ ಸಂಚಿಕೆ. '40. ಬೊಲ್ಯುಮ್' ಎಂದು ಅಂಕಿಯ ಪಕ್ಕ ಚುಕ್ಕಿ ಇಟ್ಟರೆ ನಮ್ಮ '40ನೇ' ಇದ್ದ ಹಾಗೆ. ಆ ಚುಕ್ಕಿಯೇ 'ನೇ'. 'ಫ್ರಾಗ್‌ಮಾನ್' ಎಂದರೆ ಪ್ರೋಮೋ. ಒಂದೇ ಸಂಚಿಕೆಗೆ ಎರಡು ಮೂರು ಫ್ರಾಗ್‌ಮಾನ್ ಬರುವುದುಂಟು, ಅವನ್ನು ಸಂಚಿಕೆ ಎಂದು ತಿಳಿಯಬೇಡಿ. 'ಒಜೆತ್' ಎಂದರೆ ಹಿಂದಿನ ವಾರದ ಸಾರಾಂಶ. ಹೊಸ ಸಂಚಿಕೆಗೆ ಮುಂಚೆ ಟಿವಿಯಲ್ಲಿ ಅದನ್ನೇ ದೀರ್ಘವಾಗಿ ತೋರಿಸುತ್ತಾರೆ. ಕೊನೆಯದು ಬಹಳ ಮುಖ್ಯ. 'ಸೆಜೊನ್ ಫಿನಾಲಿ' ಎಂದರೆ ಸೀಸನ್ ಮುಕ್ತಾಯ, ಕಥೆ ಮುಂದುವರಿಯುತ್ತದೆ. ಬರೀ 'ಫಿನಾಲ್' ಎಂದಿದ್ದರೆ ಧಾರಾವಾಹಿಯೇ ಮುಗಿಯಿತು. ಈ ಎರಡನ್ನೂ ಒಂದೇ ಎಂದುಕೊಂಡು ಇಲ್ಲದ ಮೂರನೇ ಸೀಸನ್‌ಗೆ ಕಾಯುವವರು ಇದ್ದಾರೆ.

ಈಗ ಕಥೆಗೆ ಬರೋಣ. ಈ ಧಾರಾವಾಹಿ ಫಾಕ್ಸ್ ಟರ್ಕಿ ವಾಹಿನಿಯಲ್ಲಿ 2020ರ ಜುಲೈ 8ರಂದು ಶುರುವಾಗಿ 2021ರ ಸೆಪ್ಟೆಂಬರ್ 8ರಂದು ಮುಗಿಯಿತು. ನಾಯಕಿ ಎಡಾ ಯಿಲ್ಡಿಜ್ ಆಗಿ ಹಾಂಡೆ ಎರ್ಚೆಲ್, ವಾಸ್ತುಶಿಲ್ಪಿ ಸೆರ್ಕಾನ್ ಬೊಲಾಟ್ ಆಗಿ ಕೆರೆಮ್ ಬ್ಯುರ್ಸಿನ್. 2016ರ 'ಅಶ್ಕ್ ಲಾಫ್ತಾನ್ ಅನ್ಲಾಮಾಜ್' ನೋಡಿದ ಭಾರತದ ಪ್ರೇಕ್ಷಕರಿಗೆ ಹಾಂಡೆ 'ಹಯಾತ್' ಆಗಿ ಮೊದಲೇ ಪರಿಚಿತರು. ಸೆರ್ಕಾನ್‌ನ ಕಂಪನಿ ಕೊಡುತ್ತಿದ್ದ ವಿದ್ಯಾರ್ಥಿವೇತನ ನಿಂತು ಎಡಾಳ ವಿದೇಶಿ ಓದು ಹಾಳಾಗಿರುತ್ತದೆ. ಹೂವಿನ ಅಂಗಡಿಯಲ್ಲಿರುವ ಅವಳಿಗೆ ಅವನ ಮೇಲೆ ಕೆಂಡದಂಥ ಕೋಪ. ಅವನು ಒಂದು ಒಪ್ಪಂದ ಮುಂದಿಡುತ್ತಾನೆ: ಎರಡು ತಿಂಗಳು ನನ್ನ ಜೊತೆ ನಿಶ್ಚಿತಾರ್ಥ ಆಗಿರುವಂತೆ ನಟಿಸು, ವಿದ್ಯಾರ್ಥಿವೇತನ ವಾಪಸ್ ಕೊಡುತ್ತೇನೆ.

ಎರಡನೇ ಸೀಸನ್‌ನ ಬೀಜ ಈ 'ಎರಡು ತಿಂಗಳು' ಎಂಬ ಮಾತಿನಲ್ಲೇ ಇದೆ. ಸುಳ್ಳು ನಿಶ್ಚಿತಾರ್ಥದ ಕಥೆಗೆ ಗಡುವು ಉಂಟು. ಗಡುವು ಮುಗಿದ ದಿನ ಇಬ್ಬರೂ ಪ್ರೀತಿ ಒಪ್ಪಿಕೊಳ್ಳಬೇಕು, ಇಲ್ಲವೇ ದೂರವಾಗಬೇಕು. ಒಪ್ಪಿಕೊಂಡರೆ ಅಡ್ಡಿ ಹೋಯಿತು, ಅಡ್ಡಿ ಹೋದರೆ ಧಾರಾವಾಹಿಗೆ ಕೆಲಸವಿಲ್ಲ. ಸಿನಿಮಾ ಆಗಿದ್ದರೆ ಅಲ್ಲಿಗೆ ಶುಭಂ. ವಾರಕ್ಕೆ ಎರಡು ಗಂಟೆ ತುಂಬಬೇಕಾದವರು ಒಂದು ಅಡ್ಡಿ ಸವೆಯುವ ಮೊದಲೇ ಇನ್ನೊಂದನ್ನು ತಂದಿಡಬೇಕು. ಒಪ್ಪಂದ ಸವೆದ ಮೇಲೆ ಎಡಾಳ ತಂದೆತಾಯಿಯ ಸಾವಿನ ಹಿಂದೆ ಸೆರ್ಕಾನ್ ಕುಟುಂಬದ ಕಂಪನಿಯ ನಿರ್ಲಕ್ಷ್ಯ ಇತ್ತೆಂಬ ಗುಟ್ಟು ಬರುತ್ತದೆ. ಅದೂ ಕರಗಿ ಮದುವೆಯ ಹೊಸ್ತಿಲಿಗೆ ಬಂದಾಗ ವಿಮಾನ ಅಪಘಾತ. ಬದುಕಿ ಬಂದ ಸೆರ್ಕಾನ್‌ಗೆ ಎಡಾ ಎಂಬವಳು ಬಾಳಿನಲ್ಲಿ ಬಂದದ್ದೇ ನೆನಪಿಲ್ಲ. ಹಳೆಯ ಗೆಳತಿ ಸೆಲಿನ್ ಅವನ ಪಕ್ಕದಲ್ಲಿದ್ದಾಳೆ. ನೆನಪು ಮರಳಿ ಎಲ್ಲ ಸರಿಹೋಯಿತು ಅನ್ನುವಾಗ ಮೆದುಳಿನ ಗಡ್ಡೆ.

ಅಷ್ಟಕ್ಕೆ ಮೊದಲ ಸೀಸನ್ ಮುಗಿಯುತ್ತದೆ. 40ನೇ ಸಂಚಿಕೆ ತೆರೆಯುವ ಹೊತ್ತಿಗೆ ಐದು ವರ್ಷ ಕಳೆದಿವೆ. ಸೆರ್ಕಾನ್ ಚಿಕಿತ್ಸೆಯಿಂದ ಬದುಕಿದ್ದಾನೆ, ಆದರೆ ಸಾವಿನ ಭಯ ಹೋಗಿಲ್ಲ. ಸಂಸಾರ ಬೇಡ, ಮಗು ಬೇಡ ಎಂಬ ಹಠಕ್ಕೆ ಬಿದ್ದಿದ್ದ. ಅದೇ ಕಾರಣಕ್ಕೆ ಇಬ್ಬರೂ ದೂರವಾಗಿದ್ದರು. ದೂರವಾಗುವಾಗ ಎಡಾ ಗರ್ಭಿಣಿ. ಅವಳು ಹೇಳಲಿಲ್ಲ. ಕಿರಾಜ್ ಹುಟ್ಟಿ ಬೆಳೆದದ್ದು ತಂದೆಗೆ ತಿಳಿಯದು.

ಇದನ್ನು ಬರೀ ಎಳೆದಾಟ ಎಂದು ತಳ್ಳಿಹಾಕುವುದು ಸುಲಭ. ಆದರೆ ಕಥೆ ಕಟ್ಟುವವರ ಕಣ್ಣಿನಿಂದ ನೋಡಿದರೆ ಐದು ವರ್ಷದ ಜಿಗಿತ ಒಂದೇ ಏಟಿಗೆ ಮೂರು ಕೆಲಸ ಮಾಡಿದೆ. ಜೋಡಿಯನ್ನು ಮತ್ತೆ ಅಪರಿಚಿತರನ್ನಾಗಿಸಿ ಜಗಳ, ಕೆಣಕಾಟಗಳಿಗೆ ಜಾಗ ಮಾಡಿಕೊಟ್ಟಿತು. ಮೊದಲ ಸೀಸನ್‌ನಲ್ಲಿ ಬಾಕಿ ಉಳಿದ ಉಪಕಥೆಗಳನ್ನು ಮತ್ತು ಬಿಟ್ಟುಹೋದ ಪಾತ್ರಗಳನ್ನು 'ಈ ಐದು ವರ್ಷದಲ್ಲಿ ಏನೇನೋ ಆಯ್ತು' ಎಂಬ ಒಂದೇ ಮಾತಿನಲ್ಲಿ ಚುಕ್ತಾ ಮಾಡಿತು. ಎಲ್ಲಕ್ಕಿಂತ ಹೆಚ್ಚಾಗಿ ಅಡ್ಡಿಯ ಜಾತಿಯನ್ನೇ ಬದಲಿಸಿತು. ಅಪಘಾತ, ಅತ್ತೆ, ಹಳೆಯ ಗೆಳತಿ ಎಲ್ಲ ಹೊರಗಿನಿಂದ ಬಂದ ಅಡ್ಡಿಗಳು. 'ಮಗುವಿನ ವಿಷಯ ನೀನು ಯಾಕೆ ಮುಚ್ಚಿಟ್ಟೆ' ಎಂಬುದಕ್ಕೆ ಇಬ್ಬರ ಬಳಿಯೂ ನ್ಯಾಯವಾದ ಉತ್ತರವಿದೆ. ಮಗು ಬೇಡ ಎಂದವನು ಅವನು, ಹೇಳದೆ ಹೋದವಳು ಅವಳು. ಇಡೀ ಧಾರಾವಾಹಿಯಲ್ಲಿ ಖಳರ ಸಹಾಯವಿಲ್ಲದೆ ನಿಲ್ಲುವ ಜಗಳ ಇದೊಂದೇ ಎಂದರೂ ನಡೆಯುತ್ತದೆ.

ತೊಂದರೆ ಏನೆಂದರೆ, ಆ ಪ್ರಶ್ನೆ ತಾಳಿಕೊಳ್ಳುವುದು ಕೆಲವೇ ವಾರ. ಅಪ್ಪನಿಗೆ ಮಗಳು ಯಾರೆಂದು ಗೊತ್ತಾದ ಮೇಲೆ ಕಥೆ ಕೌಟುಂಬಿಕ ಹಾಸ್ಯಕ್ಕೆ ತಿರುಗಿಬಿಡುತ್ತದೆ. ಮಗುವಿನ ಜೊತೆ ಏಗಲು ಬಾರದ ಶಿಸ್ತಿನ ಅಪ್ಪ, ಮುದ್ದು ಮಾಡುವ ಅಜ್ಜಿ, ಗೆಳೆಯರ ಗಲಾಟೆ. ಮೊದಲ ಸೀಸನ್‌ನ ಬಿಗುವನ್ನು ಮೆಚ್ಚಿದವರಿಗೆ ಇದು ನೀರು ಬೆರೆಸಿದ ಮಜ್ಜಿಗೆ. ಕೊನೆಗೂ ಇಬ್ಬರೂ ನೆಮ್ಮದಿಯಾಗಿ ಒಟ್ಟಿಗಿರುವುದನ್ನು ನೋಡಬೇಕು ಎಂದು ಕಾದವರಿಗೆ ಅದೇ ಹಬ್ಬ. ಅಭಿಮಾನಿಗಳು ಎರಡು ಪಂಗಡವಾಗಿರುವುದು ಇದೇ ಗೆರೆಯ ಮೇಲೆ.

ಇಷ್ಟೊಂದು ತಿರುವು ಯಾಕೆ ಬೇಕಾಯಿತು ಎಂಬುದರ ಅರ್ಧ ಉತ್ತರ ಟರ್ಕಿಯ ಟಿವಿ ವ್ಯವಹಾರದಲ್ಲಿದೆ. ಅಲ್ಲಿ ಸೀಸನ್ ಎಂದರೆ ಸೆಪ್ಟೆಂಬರ್‌ನಿಂದ ಜೂನ್‌ವರೆಗೆ. ದೊಡ್ಡ ವಾಹಿನಿಗಳ ಭಾರಿ ಧಾರಾವಾಹಿಗಳೆಲ್ಲ ಆಗ ಓಡುತ್ತವೆ. ಜೂನ್‌ನಲ್ಲಿ ಅವು ರಜೆಗೆ ಹೋದಾಗ ಆ ಜಾಗ ತುಂಬಲು ಹಗುರವಾದ ಪ್ರೇಮಹಾಸ್ಯಗಳು ಬರುತ್ತವೆ, ಇವಕ್ಕೆ 'ಯಾಜ್ ದಿಜಿಸಿ', ಬೇಸಿಗೆ ಧಾರಾವಾಹಿ, ಎನ್ನುತ್ತಾರೆ. (ನಮಗೆ ಮುಂಗಾರು ಹಿಡಿಯುವ ತಿಂಗಳುಗಳು ಅವರಿಗೆ ಕಡಲತೀರದ ಬೇಸಿಗೆ.) 'ಸೆನ್ ಚಾಲ್ ಕಪಿಮಿ' ಹುಟ್ಟಿದ್ದು ಹೀಗೆ, ಜುಲೈನಲ್ಲಿ, ಬುಧವಾರದ ರಾತ್ರಿ. ಬೇಸಿಗೆಯಲ್ಲಿ ಗೆದ್ದದ್ದಕ್ಕೆ ಚಳಿಗಾಲಕ್ಕೂ ಮುಂದುವರಿಸಿ ಶನಿವಾರಕ್ಕೆ ತಂದರು. 2021ರ ಜೂನ್‌ನಲ್ಲಿ ಎರಡನೇ ಸೀಸನ್ ಶುರುವಾದಾಗ ಮತ್ತೆ ಬುಧವಾರ. ಬೇಸಿಗೆಯ ಕೂಸು ಬೇಸಿಗೆಗೇ ಮರಳಿ ಸೆಪ್ಟೆಂಬರ್ ಮೊದಲ ವಾರಗಳಲ್ಲಿ, ದೊಡ್ಡವರು ವಾಪಸಾಗುವ ಹೊತ್ತಿಗೆ, ಜಾಗ ಖಾಲಿ ಮಾಡಿತು. ಒಂದು ಧಾರಾವಾಹಿಯ ಪ್ರಸಾರದ ದಿನ ಬದಲಾಯಿತೆಂದರೆ ವಾಹಿನಿಯವರು ಏನೋ ಲೆಕ್ಕ ಹಾಕುತ್ತಿದ್ದಾರೆ ಎಂದು ಅಲ್ಲಿನ ನೋಡುಗರಿಗೆ ಚೆನ್ನಾಗಿ ಗೊತ್ತು.

ಲೆಕ್ಕ ಬರುವುದು ಮರುದಿನ ಬೆಳಿಗ್ಗೆ. ನಮ್ಮ ಟಿಆರ್‌ಪಿ ವಾರಕ್ಕೊಮ್ಮೆ ಹೊರಬೀಳುತ್ತದೆ. ಟರ್ಕಿಯಲ್ಲಿ ಪ್ರತಿದಿನ, ಮೂರು ಪಟ್ಟಿಯಲ್ಲಿ: ಎಲ್ಲ ನೋಡುಗರು, ಮೇಲ್ವರ್ಗದ 'ಎಬಿ', ಮತ್ತು ಇಪ್ಪತ್ತು ವರ್ಷ ದಾಟಿದ 'ಎಬಿಸಿ1'. ವಾರಕ್ಕೆ ಒಂದೇ ಸಂಚಿಕೆ ಆದ್ದರಿಂದ ಪ್ರತಿ ವಾರವೂ ಪರೀಕ್ಷೆ. ಸೋತರೆ ಐದಾರು ಸಂಚಿಕೆಗೇ ಪರದೆ ಎಳೆದ ಧಾರಾವಾಹಿಗಳು ಬೇಕಾದಷ್ಟಿವೆ. ನಮ್ಮ ಕಡೆ ಒಂದು ವಾರ ಅಂಕಿ ಬಿದ್ದರೆ ಮುಂದಿನ ವಾರ ಟ್ರ್ಯಾಕ್ ಬದಲಿಸಿ ಸರಿದೂಗಿಸಬಹುದು. ಅವರಿಗೆ ವಾರಕ್ಕೆ ಸಿಗುವುದು ಒಂದೇ ಅವಕಾಶ. ಅದಕ್ಕೇ ಅಲ್ಲಿ ತಿರುವುಗಳು ಸಣ್ಣಪುಟ್ಟ ಇರುವುದಿಲ್ಲ, ನೇರ ವಿಮಾನವೇ ಬೀಳುತ್ತದೆ.

ಉದ್ದದ ವಿಷಯ ಬೇರೆ. ರಾತ್ರಿ ಎಂಟರಿಂದ ಹನ್ನೆರಡರವರೆಗೆ ಒಂದೇ ಧಾರಾವಾಹಿಯಿಂದ ತುಂಬಿಸಿದರೆ ವಾಹಿನಿಗೆ ಎರಡನೆಯದಕ್ಕೆ ಹಣ ಸುರಿಯುವ ಗೋಜಿಲ್ಲ. ಜಾಹೀರಾತು ಗಂಟೆಗೆ ಶೇ. 20, ಅಂದರೆ 12 ನಿಮಿಷ ಮೀರಬಾರದೆಂದು ಅಲ್ಲಿನ 2011ರ ಪ್ರಸಾರ ಕಾನೂನು ಹೇಳುತ್ತದೆ. ಹೆಚ್ಚು ಜಾಹೀರಾತು ಬೇಕಾದರೆ ಹೆಚ್ಚು ಗಂಟೆ ಬೇಕು, ಹೆಚ್ಚು ಗಂಟೆಗೆ ಹೆಚ್ಚು ಕಥೆ ಬೇಕು. 2010ರಲ್ಲೇ ಬರಹಗಾರರು, ಕಲಾವಿದರು, ತಂತ್ರಜ್ಞರು 'ಯೆರ್ಲಿ ದಿಜಿ ಯೆರ್ಸಿಜ್ ಉಜುನ್', ಅಂದರೆ 'ನಮ್ಮ ಧಾರಾವಾಹಿ ಸುಮ್ಮನೆ ಉದ್ದ', ಎಂದು ಪ್ರಾಸಬದ್ಧ ಘೋಷಣೆ ಕೂಗಿ ಬೀದಿಗಿಳಿದಿದ್ದರು. ಆಮೇಲೂ ಸಂಚಿಕೆ ಉದ್ದವಾಗುತ್ತಲೇ ಹೋಯಿತು.

ವಾರಕ್ಕೊಂದು ಸಿನಿಮಾದಷ್ಟು ಚಿತ್ರೀಕರಿಸುವ ಈ ಒತ್ತಡ ತೆರೆಯ ಮೇಲೆ ಕಾಣುತ್ತದೆ, ಎರಡನೇ ಸೀಸನ್‌ನಲ್ಲಂತೂ ಇನ್ನೂ ಹೆಚ್ಚು. ಶುರುವಿನಲ್ಲಿ ಕೈಯಲ್ಲಿ ಕೆಲವು ಸಂಚಿಕೆಗಳ ಬ್ಯಾಂಕಿಂಗ್, ಅಂದರೆ ಮೊದಲೇ ಚಿತ್ರೀಕರಿಸಿಟ್ಟ ದಾಸ್ತಾನು, ಇರುತ್ತದೆ. ಅದು ಖರ್ಚಾದ ಮೇಲೆ ಈ ವಾರ ಬರೆದದ್ದು ಈ ವಾರವೇ ಶೂಟ್. ಆಗ ಮಾತಿಗಿಂತ ನೋಟ ಹೆಚ್ಚುತ್ತದೆ. ನಾಯಕ, ನಾಯಕಿ, ಮತ್ತೆ ನಾಯಕ, ಹಿನ್ನೆಲೆಯಲ್ಲಿ ಹಾಡು, ನಡುವೆ ಹಳೆಯ ಸಂಚಿಕೆಗಳ ನೆನಪಿನ ತುಣುಕು. ಎರಡು ನಿಮಿಷದ ದೃಶ್ಯಕ್ಕೆ ಬರೆಯಬೇಕಾದ್ದು ಎರಡು ಸಾಲು. ಈ ಧಾರಾವಾಹಿಯಲ್ಲಿ ಬರಹಗಾರರ ತಂಡ ನಡುವೆ ಬದಲಾದದ್ದೂ ಇದಕ್ಕೆ ಸೇರಿ, ಸೆರ್ಕಾನ್‌ನ ಮಾತಿನ ಮೊನಚು ಒಮ್ಮೆ ಇದ್ದಂತೆ ಇನ್ನೊಮ್ಮೆ ಇರುವುದಿಲ್ಲ. ಕತ್ತರಿಸಿದ ಅಂತರರಾಷ್ಟ್ರೀಯ ರೂಪದಲ್ಲಿ ಇಂಥ ನೋಟದ ದೃಶ್ಯಗಳು ಮೊಟಕಾಗುವುದುಂಟು, ಹಾಡು ಬದಲಾಗುವುದೂ ಉಂಟು. ಕಥೆ ಮಾತ್ರ ಬೇಕಾದವರಿಗೆ ಅದರಿಂದ ಲಾಭ. ಆ ಜೋಡಿಯ ನೋಟಕ್ಕೇ ಮರುಳಾದವರು ಮೂಲವನ್ನೇ ನೋಡಬೇಕು.

ಬೇರೆ ಧಾರಾವಾಹಿಗಳ ಎರಡನೇ ಸೀಸನ್ ಪಕ್ಕದಲ್ಲಿಟ್ಟರೆ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. 'ಕಾರಾ ಸೆವ್ದಾ' 2015ರ ಅಕ್ಟೋಬರ್‌ನಿಂದ 2017ರ ಜೂನ್‌ವರೆಗೆ 74 ಸಂಚಿಕೆ ಓಡಿತು, ಮೊದಲ ಸೀಸನ್ 35, ಎರಡನೆಯದು 39. ಅಲ್ಲಿ ಅಡ್ಡಿ ಎಂದರೆ ಎಮಿರ್ ಎಂಬ ಖಳ. ಅವನು ಬದುಕಿರುವವರೆಗೂ ಕೆಮಾಲ್ ಮತ್ತು ನಿಹಾನ್ ಒಂದಾಗುವಂತಿಲ್ಲ. ಹೊಸ ಅಡ್ಡಿ ಹುಡುಕಬೇಕಾದ ಅಗತ್ಯವೇ ಬೀಳದ್ದರಿಂದ ಎರಡನೇ ಸೀಸನ್ ಮೊದಲನೆಯದಕ್ಕಿಂತ ಬಿಗಿಯಾಗಿದೆ. ಆ ಧಾರಾವಾಹಿ 2017ರಲ್ಲಿ ಅಂತರರಾಷ್ಟ್ರೀಯ ಎಮ್ಮಿ ಪ್ರಶಸ್ತಿ ಗೆದ್ದಿತು. ಅದಕ್ಕೆ ವಿರುದ್ಧವಾಗಿ 'ಕಿರಾಲಿಕ್ ಅಶ್ಕ್' ಪ್ರೇಮಹಾಸ್ಯ. 2015ರ ಜೂನ್‌ನಲ್ಲಿ ಹುಟ್ಟಿ, 69ನೇ ಸಂಚಿಕೆಗೆ 2017ರ ಜನವರಿಯಲ್ಲಿ, ಸೀಸನ್‌ನ ನಡುಮಧ್ಯೆ ಮುಗಿಯಿತು. ಇನ್ನೊಂದು ಪ್ರೇಮಹಾಸ್ಯ 'ಎರ್ಕೆಂಜಿ ಕುಶ್' ಒಂದು ವರ್ಷದ ಜಿಗಿತ ಬಳಸಿ 51ಕ್ಕೆ ನಿಂತಿತು. ಹಾಸ್ಯದ ಪ್ರೇಮಕಥೆ ಐವತ್ತು–ಎಪ್ಪತ್ತರ ಗಡಿ ದಾಟಲು ಏದುಸಿರು ಬಿಡುತ್ತದೆ. ಹಗೆ, ಆಸ್ತಿ, ಮನೆತನದ ಗುಟ್ಟು ಇರುವ ಕಥೆಗೆ ಆ ಕಷ್ಟವಿಲ್ಲ.

ಇನ್ನು ಭಾಷೆ. ಇಂಗ್ಲಿಷ್ ಸಬ್‌ಟೈಟಲ್ ಓದುತ್ತಾ ನೋಡುವ ಕನ್ನಡಿಗರು ಕಿವಿಯನ್ನೂ ತೆರೆದಿಟ್ಟರೆ ಲಾಭವಿದೆ, ಯಾಕೆಂದರೆ ಇಂಗ್ಲಿಷ್‌ನಲ್ಲಿ ಕಳೆದುಹೋಗುವ ಎರಡು ಸಂಗತಿ ಕನ್ನಡದಲ್ಲಿ ಹಾಗೇ ಇವೆ. ಮೊದಲನೆಯದು ನೀನು–ನೀವು. ಟರ್ಕಿಷ್‌ನಲ್ಲಿ 'ಸೆನ್' ಎಂದರೆ ನೀನು, 'ಸಿಜ್' ಎಂದರೆ ನೀವು. ಧಾರಾವಾಹಿಯ ಹೆಸರಲ್ಲೇ 'ಸೆನ್' ಇದೆ: 'ನೀನೇ ನನ್ನ ಕದ ತಟ್ಟು'. ತಟ್ಟಿ ಅಲ್ಲ, ತಟ್ಟು. ಮುನಿಸಿಕೊಂಡವರು ಇದ್ದಕ್ಕಿದ್ದಂತೆ 'ಸಿಜ್'ಗೆ ಹೋದರೆ, ಹೆಸರಿಗೆ 'ಬೇ', 'ಹಾನಿಮ್' (ನಮ್ಮ ಸಾರ್, ಮೇಡಂ ಇದ್ದ ಹಾಗೆ) ಸೇರಿಸಿದರೆ, ಅದು ನಮ್ಮಲ್ಲಿ ಜಗಳವಾದ ಗಂಡಹೆಂಡತಿ 'ಊಟಕ್ಕೆ ಬರ್ತೀರಾ ಸಾರ್' ಅಂದ ಹಾಗೆ. ಎಡಾ ಮತ್ತು ಸೆರ್ಕಾನ್‌ರದ್ದು ಇನ್ನೊಂದು ಚಾಳಿ. ಒಬ್ಬರನ್ನೊಬ್ಬರು ಪೂರ್ತಿ ಹೆಸರಿಡಿದು ಕರೆಯುವುದು, 'ಸೆರ್ಕಾನ್ ಬೊಲಾಟ್', 'ಎಡಾ ಯಿಲ್ಡಿಜ್'. ಮೊದಲು ಅದು ಕೋಪ, ಆಮೇಲೆ ಮುದ್ದು. ಐದು ವರ್ಷದ ನಂತರ ಅವರು ಎದುರಾದಾಗ ಹೆಸರನ್ನು ಹೇಗೆ ಹೇಳುತ್ತಾರೆ ಎಂದು ಗಮನಿಸಿ, ಸಬ್‌ಟೈಟಲ್ ಬೇಕಾಗುವುದಿಲ್ಲ.

ಎರಡನೆಯದು ನಮ್ಮ 'ಅಂತೆ'. ಕಣ್ಣಾರೆ ಕಾಣದ, ಆಮೇಲೆ ತಿಳಿದುಬಂದ ಸಂಗತಿಗೆ ಟರ್ಕಿಷ್‌ನಲ್ಲಿ 'ಮಿಶ್' ಪ್ರತ್ಯಯ ಇದೆ. 'ಗೆಲ್ದಿ' ಎಂದರೆ ಬಂದ, 'ಗೆಲ್ಮಿಶ್' ಎಂದರೆ ಬಂದನಂತೆ. ನೆನಪು ಕಳೆದುಕೊಂಡವನು ತನ್ನ ಬದುಕಿನ ಬಗ್ಗೆಯೇ ಮಾತಾಡುವಾಗ ಇದರ ಬೆಲೆ ಗೊತ್ತಾಗುತ್ತದೆ. 'ನಮ್ಮಿಬ್ಬರಿಗೂ ನಿಶ್ಚಿತಾರ್ಥ ಆಗಿತ್ತಂತೆ' ಎಂದು ಅವನು, ಎದುರಿಗೆ ಉಂಗುರ ತೊಟ್ಟು ನಿಂತವಳಿಗೆ ಹೇಳಿದರೆ, ಆ 'ಅಂತೆ' ಒಂದೇ ಸಾಕು ಅವಳ ಎದೆ ಒಡೆಯಲು. ಇಂಗ್ಲಿಷ್ ಸಾಲಿನಲ್ಲಿ ಅದು ಬರೀ 'ಆಗಿತ್ತು' ಆಗಿ ಹೋಗಿರುತ್ತದೆ. ಎರಡನೇ ಸೀಸನ್‌ನಲ್ಲಿ ಮಗಳ ವಿಷಯ ಒಬ್ಬರಿಂದೊಬ್ಬರಿಗೆ ಹರಡುವಾಗಲೂ ಇದೇ 'ಮಿಶ್' ಕಿವಿಗೆ ಬೀಳುತ್ತಿರುತ್ತದೆ.

ಮೊದಲ ಸೀಸನ್ ಪೂರ್ತಿ ನೋಡಲು ಹೊತ್ತಿಲ್ಲದವರು ಮೂಲ ಸಂಖ್ಯೆಯ 1 ಮತ್ತು 2, ವಿಮಾನ ಅಪಘಾತದ 28ರ ಆಸುಪಾಸು, ಮತ್ತು ಕೊನೆಯ 38, 39 ನೋಡಿ 40ಕ್ಕೆ ಬಂದರೆ ದಾರಿ ತಪ್ಪುವುದಿಲ್ಲ. 39ನ್ನು ಬಿಡಬೇಡಿ. ಮಗು ಬೇಡ ಎನ್ನುವ ಅವನ ಭಯಕ್ಕೆ ಬೇರು ಅಲ್ಲಿದೆ, ಅದಿಲ್ಲದೆ ಎರಡನೇ ಸೀಸನ್‌ನ ಸೆರ್ಕಾನ್ ಬರೀ ಕಟುಕನಂತೆ ಕಾಣುತ್ತಾನೆ. 40ರಿಂದ 52ರವರೆಗಿನ ಹದಿಮೂರು ಸಂಚಿಕೆಗೆ ಸುಮಾರು 28 ಗಂಟೆ ಬೇಕು. ವಾರಕ್ಕೊಂದರಂತೆ ನೋಡಿದರೆ ಮೂರು ತಿಂಗಳು, ಟರ್ಕಿಯವರು 2021ರ ಬೇಸಿಗೆಯಲ್ಲಿ ಕಾದಷ್ಟೇ ಕಾಲ. ಕೊನೆಯ ಎರಡನ್ನು ಮಾತ್ರ ಬೇರೆ ಬೇರೆ ವಾರಕ್ಕೆ ಇಡದೆ ಒಟ್ಟಿಗೆ ನೋಡುವುದು ಒಳ್ಳೆಯದು.